ದುಭಾಷಿಯಾದ ಸರ್ಜನ್

ಪ್ರಿಯರೇ, ಇವತ್ತು ನಾವು ಬೈಬಲಿನಲ್ಲಿ ಓದಿದ ಭಾಗ ಕೇಳಿಸಿಕೊಳ್ಳುವುದರ ಬಗ್ಗೆ ಇದೆ. ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಹೇಳುವ ಮೊದಲೇ ನನಗೆ ಉತ್ಸಾಹ ತಡೆಯಲಾಗುತ್ತಿಲ್ಲ. ಅಮ್ಮನ್ನ ಮಾಸ್ಟ್ರೇ, ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳಿ, ನಿದ್ದೆಗೆ ಆಮೇಲೆ ಸಮಯ ಇದೆ.

ಒಂದೂರಿನಲ್ಲಿ ಒಬ್ಬ ಸರ್ಜನ್ ಇದ್ದರು. ಬಲು ದೊಡ್ಡ ಹೆಸರು. ಅವರು ವಾರ್ಡಿಗೆ ಬಂದರೆ ಹಿಂದೆ ನರ್ಸುಗಳು, ಕಿರಿಯ ಡಾಕ್ಟರುಗಳು, ಒಂದು ಮೆರವಣಿಗೆಯೇ. ರೋಗಿ ಬಾಯಿ ತೆರೆಯುವುದರೊಳಗೆ ಅವರಿಗೆ ರೋಗ ಗೊತ್ತು. "ಸಾರ್, ನಂಗೆ ಮೊನ್ನೆಯಿಂದ..." "ಆಯ್ತು ಆಯ್ತು, ಗೊತ್ತಾಯ್ತು!" ಮುಗಿಯಿತು. ಆಪರೇಷನ್ ಯಾಕೆ, ಏನು ಎಂಬುದನ್ನೆಲ್ಲ ಹೊರಗೆ ನಿಂತ ಮನೆಯವರಿಗೆ ಹೇಳುತ್ತಿದ್ದರು. ಹೊಟ್ಟೆ ಒಬ್ಬರದು, ಮಾತುಕತೆ ಇನ್ನೊಬ್ಬರ ಜೊತೆ! ನಗಬೇಡಿ, ನಮ್ಮಲ್ಲಿ ಎಲ್ಲ ಕಡೆ ಹಾಗೇ ಅಲ್ಲವೇ?

ಅವರ ಹೆಂಡತಿ ನರ್ಸ್. ಆಕೆಗೆ ಹೊರದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನರ್ಸಿಗೇ ಕರೆದು ಕೆಲಸ ಕೊಡುವವರು ಸರ್ಜನ್‌ಗೆ ರತ್ನಗಂಬಳಿ ಹಾಸಿಯಾರು ಎಂದುಕೊಂಡು ಇವರೂ ಹೊರಟರು. ಹೋಗಿ ನೋಡಿದರೆ ಅಲ್ಲಿನ ಕಾನೂನೇ ಬೇರೆ. ಹೊರಗೆ ಕಲಿತು ಬಂದ ಡಾಕ್ಟರು ಎಷ್ಟೇ ದೊಡ್ಡವರಿರಲಿ, ಅಲ್ಲಿನ ಪರೀಕ್ಷೆಗಳನ್ನು ಪಾಸು ಮಾಡಬೇಕು. ಆಮೇಲೆ ಹಿರಿಯರ ಕೈಕೆಳಗೆ ಪುನಃ ಕಲಿಯಬೇಕು. ಅಲ್ಲಿಯ ತನಕ ಯಾರಿಗೂ ಚಿಕಿತ್ಸೆ ಕೊಡುವ ಹಾಗಿಲ್ಲ.

ಓದಿ ಬರೆಯುವ ಪರೀಕ್ಷೆ ಸಲೀಸಾಗಿ ಪಾಸಾಯಿತು. ಕೊನೆಯದೊಂದಿತ್ತು ನೋಡಿ, ಅದು ಸ್ವಾರಸ್ಯ! ಒಬ್ಬ ನಟನನ್ನು ರೋಗಿಯ ಹಾಗೆ ಕೂರಿಸುತ್ತಾರೆ. ಡಾಕ್ಟರು ಅವನನ್ನು ಹೇಗೆ ವಿಚಾರಿಸುತ್ತಾರೆ ಎಂದು ಪರೀಕ್ಷಕರು ನೋಡುತ್ತಾರೆ. ನಮ್ಮವರು ಒಳಗೆ ಹೋದವರೇ ಹೊಟ್ಟೆ ಒತ್ತಿ, ರೋಗದ ಹೆಸರು ಹೇಳಿ, ಎದ್ದು ಬಂದರು. ಹೇಳಿದ ರೋಗ ಸರಿ. ಪರೀಕ್ಷೆ ಮಾತ್ರ ಫೇಲು! ಯಾಕೆ? ರೋಗಿಯನ್ನು ಮಾತಾಡಲು ಬಿಡಲೇ ಇಲ್ಲ. ಇನ್ನು ಒಂದೇ ಅವಕಾಶ, ಅದೂ ಹೋದರೆ ಆ ದೇಶದಲ್ಲಿ ಅವರು ಡಾಕ್ಟರೇ ಅಲ್ಲ.

ಸರ್ಜನ್ ಮುಖ ಊದಿಸಿಕೊಂಡು ಮನೆಯಲ್ಲಿ ಕುಳಿತರು. ಹೆಂಡತಿ ಹೇಳಿದಳು, "ಸುಮ್ನೆ ಕೂತು ಯಾಕೆ ತಲೆ ಕೆಡಿಸ್ಕೊಳ್ತೀರಿ? ದಾರಿ ಬೇಕಾದಷ್ಟುಂಟು. ಸ್ಕ್ಯಾನಿಂಗ್ ಮಾಡ್ಲಿಕ್ಕೆ ಕಲೀಬಹುದು. ಔಷಧಿ ಸಂಶೋಧನೆಗೆ ತಗೊಳ್ತಾರೆ. ಕಾಲೇಜಲ್ಲಿ ಪಾಠ ಮಾಡ್ಬಹುದು. ನಮ್ಮ ಆಸ್ಪತ್ರೆಯಲ್ಲಿ ಕನ್ನಡದ ದುಭಾಷಿ ಬೇಕಂತೆ."

"ನಾನು ದುಭಾಷಿಯಾ? ಸರ್ಜನ್ ಮಾರಾಯ್ತಿ ನಾನು!"

"ಇಲ್ಲಿ ಅದು ನಂಗೊಬ್ಳಿಗೇ ಗೊತ್ತಿರೋದು," ಎಂದಳು ಪುಣ್ಯಾತ್ಗಿತ್ತಿ.

ಬಾಯಿ ಮುಚ್ಚಿಕೊಂಡು ಹೋಗಿ ಸೇರಿದರು. ಆ ಕೆಲಸಕ್ಕೊಂದು ನಿಯಮ ಇದೆ, ಕೇಳಿ. "ರೋಗಿ ಹೀಗೆ ಹೇಳುತ್ತಿದ್ದಾರೆ" ಎನ್ನುವಂತಿಲ್ಲ. ರೋಗಿ "ನನಗೆ ನೋವು" ಎಂದರೆ ದುಭಾಷಿಯೂ "ನನಗೆ ನೋವು" ಎಂದೇ ಹೇಳಬೇಕು. ಸೇರಿಸುವಂತಿಲ್ಲ, ಬಿಡುವಂತಿಲ್ಲ.

ಒಂದು ದಿನ ನಮ್ಮ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ಮರುದಿನ ಪಿತ್ತಕೋಶದ ಆಪರೇಷನ್. ಅಜ್ಜಿಗೆ ಹೃದಯದ ತೊಂದರೆಯೂ ಇತ್ತು, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿತ್ತು. ಆಪರೇಷನ್‌ಗೆ ಮೊದಲು ಅದನ್ನು ನಿಲ್ಲಿಸಲು ಹೇಳಿದ್ದರು. ಅಲ್ಲಿನ ಡಾಕ್ಟರಮ್ಮ, ಸಣ್ಣ ಪ್ರಾಯದವಳು, "ಮಾತ್ರೆ ನಿಲ್ಲಿಸಿದಿರಾ?" ಎಂದು ಕೇಳಿದಳು. ಅಜ್ಜಿ ಶುರು ಮಾಡಿದರು, "ನಿಲ್ಸಿದೆ ಮಗಾ, ಆದ್ರೆ ಊರಲ್ಲಿ ನಮ್ಮ ಡಾಕ್ಟ್ರು ಇದ್ದಾರಲ್ಲ..."

"ಆಯ್ತಜ್ಜಿ, ಗೊತ್ತಾಯ್ತು," ಎಂದ ಸರ್ಜನ್ ಡಾಕ್ಟರಮ್ಮನ ಕಡೆ ತಿರುಗಿ ಹೇಳಿದರು: "ನಿಲ್ಲಿಸಿದ್ದೇನೆ."

ಆಕೆ ಬರೆದುಕೊಳ್ಳಲಿಲ್ಲ. "ಇವರ ಭಾಷೆ ನನಗೆ ಬರುವುದಿಲ್ಲ. ಆದರೆ ಮಾತು ಮುಗಿದಿಲ್ಲ ಎಂಬುದು ಕಾಣಿಸುತ್ತಿದೆ. ಇನ್ನೊಮ್ಮೆ ಕೇಳಿ," ಎಂದಳು.

ಕೇಳಿದರು. ಅಜ್ಜಿ ಮಗನ ಮುಖ ನೋಡಿ ತಲೆ ತಗ್ಗಿಸಿ ಹೇಳಿದರು, "ಇಲ್ಲಿಯವ್ರು ಕೊಟ್ಟದ್ದು ಬಿಟ್ಟೆ. ಊರಿಂದ ತಂದದ್ದು ತಿಂತಾ ಇದ್ದೇನೆ. ಒಂದಿನವೂ ಬಿಡ್ಬೇಡಿ ಅಂತ ನಮ್ಮ ಡಾಕ್ಟ್ರು ಹೇಳಿದ್ರು, ಬಿಟ್ರೆ ಅವ್ರಿಗೆ ಮರ್ಯಾದೆ ಕೊಟ್ಟ ಹಾಗಾಗ್ತದಾ? ಇವ್ನಿಗೆ ಹೇಳ್ಲಿಲ್ಲ, ಬೈತಾನೆ. ನಂಗೆ ತುಂಬ ಹೆದ್ರಿಕೆ ಆಗ್ತದೆ ಮಗಾ."

ಕಂಡಿರಾ! ಅದೂ ಅದೇ ಮಾತ್ರೆ, ಹೆಸರು ಮಾತ್ರ ಬೇರೆ. ಮರುದಿನ ಹೊಟ್ಟೆ ಕೊಯ್ದಿದ್ದರೆ ರಕ್ತ ನಿಲ್ಲುತ್ತಿತ್ತೇ? ಸರ್ಜನ್ ಅಲ್ಲವೇ, ಅವರಿಗೆ ತಕ್ಷಣ ತಿಳಿಯಿತು. ಆದರೂ ನಿಯಮ ನಿಯಮವೇ. ಆ ದೊಡ್ಡ ಮನುಷ್ಯ ತನ್ನ ಬಾಯಿಂದಲೇ ಹೇಳಿದರು: "ನಾನು ಊರಿನ ಮಾತ್ರೆ ತಿನ್ನುತ್ತಿದ್ದೇನೆ. ಮಗನಿಗೆ ಹೇಳಿಲ್ಲ. ನನಗೆ ತುಂಬ ಹೆದರಿಕೆಯಾಗುತ್ತಿದೆ." ಊರಿನ ವಾರ್ಡಿನಲ್ಲಿ ತಾನು ಅರ್ಧಕ್ಕೆ ನಿಲ್ಲಿಸಿದ ಮಾತುಗಳಲ್ಲಿ ಏನೇನಿತ್ತೋ ಎಂದು ಅವರಿಗೆ ಆಗ ಹೊಳೆಯಿತು.

ಆಪರೇಷನ್ ಮುಂದಕ್ಕೆ ಹೋಯಿತು, ಅಜ್ಜಿ ಉಳಿದರು. ನಮ್ಮ ಸರ್ಜನ್ ಪುನಃ ಆ ನಟನ ಎದುರು ಕುಳಿತರು. ಈ ಸಲ ಅವನು ಮಾತು ಮುಗಿಸುವ ತನಕ ಕೇಳಿಸಿಕೊಂಡರು. ಪಾಸ್! ಈಗ ಅದೇ ಸಣ್ಣ ಪ್ರಾಯದ ಡಾಕ್ಟರಮ್ಮನ ಕೈಕೆಳಗೆ ಕಲಿಯುತ್ತಿದ್ದಾರೆ, ಖುಷಿಯಿಂದ. ಎಂಥ ಬಡ್ತಿ ಅದು, ಯೋಚನೆ ಮಾಡಿ!

ಇದು ಹೊರದೇಶದ ಡಾಕ್ಟರುಗಳ ಕಥೆ ಎಂದುಕೊಂಡಿರಾ? ಇಲ್ಲಪ್ಪ. ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅವಳಿಗೆ ಎಲ್ಲಿ ನೋವು ಎಂದು ನೀವೇ ಹೇಳುತ್ತೀರಲ್ಲ, ಅದು ನಿಮ್ಮ ಕಥೆ. ಮಗಳು "ಅಪ್ಪಾ, ಕಾಲೇಜಲ್ಲಿ..." ಎನ್ನುವಾಗ ಬುದ್ಧಿವಾದ ಶುರು ಮಾಡುತ್ತೀರಲ್ಲ, ಅದು ನಿಮ್ಮ ಕಥೆ. ನಾವು ಕಣ್ಣು ಮುಚ್ಚಿ ಬೇಡುವುದು ದೇವರಿಗೆ ಮೊದಲೇ ಗೊತ್ತು. ನಿಜವಾಗಿ ಗೊತ್ತಿರುವುದು ಅವನೊಬ್ಬನಿಗೇ. ಆದರೂ ಒಂದು ಸಲವಾದರೂ ನಮ್ಮ ಪ್ರಾರ್ಥನೆಯನ್ನು ಅರ್ಧಕ್ಕೆ ತಡೆದಿದ್ದಾನೆಯೇ?

ಆದ್ದರಿಂದ ಇವತ್ತೇ ಮಾಡಿ. ಮಧ್ಯಾಹ್ನ ಊಟವಾದ ಮೇಲೆ ಫೋನು ಆಚೆ ಇಡಿ. ನೀವು ದಿನಾ ಯಾರ ಮಾತನ್ನು ಅರ್ಧಕ್ಕೆ ಕಡಿಯುತ್ತೀರೋ ಅವರ ಹತ್ತಿರ ಕುಳಿತು, ಏನು ಹೇಳಲಿಕ್ಕಿತ್ತು ಎಂದು ಕೇಳಿ. ಅವರು ಮೊದಲು "ಏನಿಲ್ಲ ಬಿಡಿ" ಎನ್ನುತ್ತಾರೆ. ಇಷ್ಟು ವರ್ಷ ನೀವೇ ಕಲಿಸಿದ ಉತ್ತರ ಅದು. ಎದ್ದು ಹೋಗಬೇಡಿ, ಇನ್ನೊಮ್ಮೆ ಕೇಳಿ.