ಬಕೆಟ್ಟಿನ ಸಪ್ಪಳ

ಸಭೆಯ ಅಧ್ಯಕ್ಷರಾದ ದೇವಿಂದ್ರಪ್ಪನವರೇ, ನಮ್ಮ ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳೇ, ಹುಮನಾಬಾದಿನ ಗಣ್ಯರೇ, ಮೋರಖಂಡಿಯಿಂದ ಟಂಟಂ ಗಾಡಿ ಮಾಡಿಕೊಂಡು ಬಂದಿರುವ ನನ್ನವರೇ, ಹಿತ್ತಲಿನಿಂದ ಹುಗ್ಗಿಯ ವಾಸನೆ ಬರುತ್ತಿದ್ದರೂ ಇನ್ನೂ ಕುರ್ಚಿ ಬಿಡದ ಸಭಿಕರೇ,

ಮೂವತ್ತೊಂದು ವರ್ಷ ಅರಣ್ಯ ರಕ್ಷಕನಾಗಿದ್ದು ಇವತ್ತು ನಿವೃತ್ತನಾಗುತ್ತಿರುವವನು ನಾನು. ಮೈಕು ಹಿಡಿದು ಅಭ್ಯಾಸವಿಲ್ಲ. ಲಾಠಿ ಹಿಡಿದಂತೆ ಹಿಡಿದಿದ್ದೇನೆ, ಕ್ಷಮಿಸಬೇಕು. ಈಗಷ್ಟೇ ಗುರುಲಿಂಗ ಅವರು ಸನ್ಮಾನ ಪತ್ರ ಓದಿದರು. ನನ್ನನ್ನು ‘ಮೊಸಳೆಗಳ ಆಪದ್ಬಾಂಧವ’ ಎಂದರು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಮನಿಷಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಮನೆಯಲ್ಲಿ ಹಲ್ಲಿಗೂ ಹೆದರುವವನು ಎಂಬುದು ಅವಳಿಗೆ ಗೊತ್ತು.

ಮೊಸಳೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಾಹೇಬರ ಅಪ್ಪಣೆಯಾಗಿದೆ. ಅದು ದಂಡೆಯ ಮೇಲೆ ಬಾಯಿ ತೆರೆದು ಮಲಗಿದರೆ ನಾವು ಏನನ್ನುತ್ತೇವೆ? ಯಾರನ್ನೋ ನುಂಗಲು ಕಾದಿದೆ ಎನ್ನುತ್ತೇವೆ. ಇಲ್ಲ ಸ್ವಾಮಿ, ಅದಕ್ಕೆ ಸೆಕೆ. ನಾವು ಅಂಗಿಯ ಗುಂಡಿ ಬಿಚ್ಚುತ್ತೇವೆ, ಅದು ಬಾಯಿ ಬಿಚ್ಚುತ್ತದೆ. ಮೀನು, ಸತ್ತ ದನ ತಿಂದು ನೀರನ್ನು ಚೊಕ್ಕಟವಾಗಿಡುತ್ತದೆ. ಮನುಷ್ಯರ ಸಪ್ಪಳ ಕೇಳಿದರೆ ತಾನಾಗಿಯೇ ನೀರಿಗೆ ಜಾರುತ್ತದೆ. ಹಾಗಾದರೆ ಸಪ್ಪಳ ಕೇಳಿ ಹತ್ತಿರ ಬರುವ ಮೊಸಳೆ ಎಲ್ಲಿಂದ ಹುಟ್ಟುತ್ತದೆ? ಅದನ್ನು ನಾವೇ ಹುಟ್ಟಿಸುತ್ತೇವೆ. ನಾವು ಎಂದೆ. ನಾನು ಎನ್ನಬೇಕಿತ್ತು.

ಹನ್ನೊಂದು ವರ್ಷದ ಹಿಂದಿನ ಬೇಸಿಗೆ. ಮೋರಖಂಡಿಯ ಆಚೆಗಿನ ಹಳ್ಳ ಬತ್ತಿ ಒಂದೇ ಒಂದು ಮಡು ಉಳಿದಿತ್ತು. ಅದರಲ್ಲೊಂದು ಹೆಣ್ಣು ಮೊಸಳೆ. ದಂಡೆಯ ಮಣ್ಣಿನಲ್ಲಿ ಅದರ ತತ್ತಿ. ಎಮ್ಮೆಗಳಿಗೂ ಅದೇ ನೀರು. ಊರಿನವರು ನನ್ನನ್ನು ಸುತ್ತುಗಟ್ಟಿ, “ಇವತ್ತು ಎಮ್ಮಿ ಕರಾ ಹಿಡಿತದ, ನಾಳಿ ಕೂಸಿಗಿ ಹಿಡಿತದ, ಇದಕ್ಕ ಒಯ್ತೀರೋ ಇಲ್ಲಾ ನಾವೇ ಹೊಡೀಬೇಕೋ ಹೇಳ್ರಿ” ಎಂದರು. ಅವರ ಹೆದರಿಕೆ ಸುಳ್ಳೇ? ಖಂಡಿತ ಅಲ್ಲ. ಆದರೆ ತತ್ತಿ ಕಾಯುತ್ತಿರುವ ತಾಯಿಯನ್ನು ಎಬ್ಬಿಸಿ ಒಯ್ಯಲು ನನಗೆ ಮನಸ್ಸು ಬರಲಿಲ್ಲ.

ಆಗ ನನಗೆ ಒಂದು ಬುದ್ಧಿ ಹೊಳೆಯಿತು. ಹೊಟ್ಟೆ ತುಂಬಿದ ಮೊಸಳೆ ಯಾರನ್ನೂ ಮುಟ್ಟುವುದಿಲ್ಲವಲ್ಲ! ಬಸವಕಲ್ಯಾಣದ ಖಮರುದ್ದೀನ್ ಭಾಯಿಯ ಅಂಗಡಿಯಿಂದ ದಿನ ಬಿಟ್ಟು ದಿನ ಒಂದು ಬಕೆಟ್ಟು ಕೋಳಿಯ ತಲೆ, ಕರುಳು ತರತೊಡಗಿದೆ. “ಸಾಹೇಬ್ರ, ನಾಯಿ ಸಾಕೀರೇನ್ರಿ?” ಎಂದು ಅವರು ಕೇಳಿದರೆ, “ಹೌದು ಭಾಯಿ, ಸ್ವಲ್ಪ ಉದ್ದದ ನಾಯಿ” ಎನ್ನುತ್ತಿದ್ದೆ. ಮಡುವಿಗೆ ಹೋಗಿ ಬಕೆಟ್ಟನ್ನು ಕಲ್ಲಿಗೆ ಟಣ್ ಟಣ್ ಎಂದು ಬಡಿಯುತ್ತಿದ್ದೆ. ಎರಡು ವಾರದಲ್ಲಿ ಅದು ಸಪ್ಪಳಕ್ಕೆ ಈಜಿ ಬರುವುದನ್ನು ಕಲಿಯಿತು. ನನಗೆ ಎಷ್ಟು ಹೆಮ್ಮೆ ಗೊತ್ತೇ? ನನ್ನ ಮಕ್ಕಳೂ ಕರೆದ ಕೂಡಲೇ ಬಂದವರಲ್ಲ.

ಮೂರನೆಯ ಸಾಲಿನಲ್ಲಿ ಹಸಿರು ಇಳಕಲ್ ಸೀರೆ ಉಟ್ಟು ಕುಳಿತಿರುವವರು ಧೂಳಮ್ಮಕ್ಕ. ಹುಟ್ಟಿದಾಗಿನಿಂದ ಆ ದಂಡೆಯಲ್ಲಿ ಎಮ್ಮೆ ಕಾಯ್ದವರು. ಒಂದು ಬುಧವಾರ ಮುಂಜಾನೆ ಗಬ್ಬಾದ ಎಮ್ಮೆಗೆ ನೀರು ಒಯ್ಯಲು ಬಂದು, ಬಕೆಟ್ಟನ್ನು ಅದೇ ಕಲ್ಲಿನ ಮೇಲೆ ಇಟ್ಟರು. ಟಣ್ ಎಂದಿತು. ಆಮೇಲೆ ಬಗ್ಗಿ ನೀರಿಗೆ ಕೈ ಹಾಕಿದರು.

ಎಡಗೈಯ ಎರಡು ಬೆರಳು ಹೋದವು.

ದವಾಖಾನೆಯಲ್ಲಿ ಅವರ ಮಂಚದ ಹತ್ತಿರ ಹೋಗಿ ನಿಂತೆ. ಅವರೇ ಮೆಲ್ಲಗೆ ಹೇಳಿದರು: “ತಮ್ಮಾ, ನೀ ಕೋಳಿ ಹಾಕೋದು ನಾ ದೂರದಿಂದ ನೋಡೀನಿ, ಸಪ್ಪಳಕ್ಕ ಬರ್ತದಂತ ಗೊತ್ತಿರಲಿಲ್ಲ. ಅದು ನನಗ ಕಡೀಲಾಕ ಬಂದಿಲ್ಲ, ಬಕೇಟಿಗಿ ಬಂದದ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ನೌಕರಿ ಹೋಗ್ತದ, ಅದರ ಜೀವಾ ಹೋಗ್ತದ. ತತ್ತಿ ಇನ್ನಾ ಒಡದಿಲ್ಲ.”

ಅವತ್ತೇ ಬಕೆಟ್ಟು ಒಯ್ಯುವುದನ್ನು ಬಿಟ್ಟೆ. ಬಾಯಿ ಮಾತ್ರ ಬಿಡಲಿಲ್ಲ. ಅಷ್ಟೇ ಆಗಿದ್ದರೆ ಇವತ್ತು ಹುಗ್ಗಿ ಉಂಡು ಮನೆಗೆ ಹೋಗುತ್ತಿದ್ದೆ. ಆದರೆ ವರದಿ ಬರೆಯಬೇಕಿತ್ತಲ್ಲ? ‘ಮಹಿಳೆಯ ಅಜಾಗರೂಕತೆಯಿಂದ ಘಟನೆ ಸಂಭವಿಸಿದೆ’ ಎಂದು ಬರೆದೆ. ಅದೇ ಮಾತನ್ನು ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಮಡುವಿನ ದಂಡೆಯಲ್ಲಿ ನಿಲ್ಲಿಸಿದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಮೆಚ್ಚಿದರು. ಹನ್ನೊಂದು ವರ್ಷ ಊರಿನ ಮಕ್ಕಳು ಆ ಹಲಗೆ ಓದಿಯೇ ದೊಡ್ಡವರಾದರು. “ಎಚ್ಚರಿಲ್ಲದ ಮುದುಕಿ” ಎಂದು ಸ್ವಂತ ಮೊಮ್ಮಕ್ಕಳೂ ನಕ್ಕರು. ಆ ಹಳ್ಳವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರಿಗೆ ಈ ಹೆಸರು!

ಆ ಬೇಸಿಗೆಯಲ್ಲೇ, ಧೂಳಮ್ಮಕ್ಕನ ಕೈಗೆ ಇನ್ನೂ ಬಟ್ಟೆ ಸುತ್ತಿದ್ದಾಗ, ರೋಹಿಣಿ ಮಳೆ ಬೀಳುವ ಮೊದಲು ಒಂದು ದಿನ ಅವರೇ ನನ್ನನ್ನು ಕರೆಸಿದರು. “ಜಲ್ದಿ ಬಾ ತಮ್ಮಾ, ನೆಲ ಕೂಗಾಕತ್ತದ” ಎಂದರು. ದೂರದ ದಿಬ್ಬದ ಮೇಲೆ ಇಬ್ಬರೂ ಕುಳಿತೆವು. ಮಣ್ಣಿನೊಳಗಿಂದ, ತತ್ತಿಯೊಳಗಿಂದ ಮರಿಗಳು ಕೂಗುತ್ತಿದ್ದವು. ತಾಯಿ ಮಣ್ಣು ಕೆದರಿತು. ಒಂದೊಂದೇ ಮರಿಯನ್ನು ಬಾಯಲ್ಲಿಟ್ಟುಕೊಂಡು ನೀರಿಗೆ ಬಿಟ್ಟಿತು. ಧೂಳಮ್ಮಕ್ಕ ಉಳಿದ ಬೆರಳುಗಳಲ್ಲಿ ಎಣಿಸುತ್ತಿದ್ದರು. “ನೋಡು, ಅದೇ ಬಾಯಿ” ಎಂದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ನಾನು ಅತ್ತುಬಿಟ್ಟೆ.

ಅಕ್ಕಾ, ಅಲ್ಲಿಂದ ತಲೆ ಅಲ್ಲಾಡಿಸಬೇಡ, ನಾನು ನಿಲ್ಲಿಸುವುದಿಲ್ಲ. ಊರಿನವರ ನಗೆ ನುಂಗಿಕೊಂಡು ಮೊಸಳೆಯನ್ನು ಉಳಿಸಿದವಳು ನೀನು, ನಾನಲ್ಲ.

ಸಾಹೇಬರೇ, ಇದೋ ನನ್ನ ತಪ್ಪೊಪ್ಪಿಗೆಯ ಅರ್ಜಿ, ಆ ಹಳೆಯ ವರದಿಯ ಜೊತೆ ಇಟ್ಟುಕೊಳ್ಳಬೇಕು. ನಿಯಮದ ಪ್ರಕಾರ ಏನಾಗಬೇಕೋ ಆಗಲಿ. ನಾಳೆ ಮುಂಜಾನೆ ಎಂಟಕ್ಕೆ ಬಣ್ಣದ ಡಬ್ಬಿ ಹಿಡಿದು ಮಡುವಿನ ಹತ್ತಿರ ಇರುತ್ತೇನೆ. ಊರಿನವರು ಮಕ್ಕಳನ್ನು ಕರೆದುಕೊಂಡು ಬರಬೇಕು. ಹಳೆಯ ಸಾಲು ಅಳಿಸಿ ಹೀಗೆ ಬರೆಯುತ್ತೇನೆ: ‘ಮೊಸಳೆಗೆ ಊಟ ಹಾಕಬೇಡಿ. ನಾನು ಹಾಕಿದೆ, ಧೂಳಮ್ಮನವರ ಬೆರಳು ಹೋದವು. ಅವರ ತಪ್ಪಿಲ್ಲ. ಇಂತಿ, ಅಶೋಕಕುಮಾರ, ಅರಣ್ಯ ರಕ್ಷಕ.’ ಅಕ್ಷರ ಈ ಸಲವೂ ದುಂಡಗೇ ಇರುತ್ತದೆ.

ಇಷ್ಟು ಹೊತ್ತು ಹಸಿದು ಕೇಳಿದ್ದೀರಿ, ನಿಮ್ಮ ಉಪಕಾರ ದೊಡ್ಡದು. ಎಲ್ಲರಿಗೂ ನಮಸ್ಕಾರ. ಅಕ್ಕಾ, ನಿನಗೆ ಇಲ್ಲಿಂದಲ್ಲ, ಕೆಳಗಿಳಿದು ಬಂದು ಮಾಡುತ್ತೇನೆ.