ಕೋಲಾಟದ ಸುತ್ತು

ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಗಂಡಸಿ ಬಸ್ಸಿಗೆ ಕಾದು ಕೂತಿದ್ದ ದ್ಯಾವಮ್ಮನಿಗೆ, ಬೆನ್ನ ಹಿಂದೆ ಕೂತ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೆಂಡತಿಯ ಚೀಲದಿಂದ ಕೋಲಾಟದ ಕೋಲುಗಳು ಇಣುಕುತ್ತಿದ್ದವು.

“ಪ್ರತಿ ಶನಿವಾರ ಮನೆಮಂದಿಯೆಲ್ಲ ಬಂದು ಕೋಲಾಟ ಆಡಿ ಅಂತ ಬೀದಿಬೀದಿ ಸುತ್ತಿ ಕರೆದೆ ಕಣ್ರೀ. ಮೊದಲೆರಡು ವಾರ ಬಂದವರೆಲ್ಲ ಚಾಪೆ ಹಾಸ್ಕೊಂಡು ಕೂತ್ರು, ನಾವೇನೋ ನಾಟಕದೋರು ಅನ್ನೋ ಹಂಗೆ!”

“ನಿನ್ನೆ ಎದ್ದು ಆಡಿದ್ರಲ್ಲ.”

“ಎಲ್ಲಿ ಆಡಿದ್ರು? ಸುತ್ತು ತಿರುಗ್ತಾ ಎಲ್ಲರಿಗೂ ಎಲ್ಲರೂ ಎದುರಾಗ್ತಾರಲ್ಲ. ಮಾವ ಎದುರಿಗೆ ಬಂದ ತಕ್ಷಣ ಸೊಸೆ ಸೆರಗು ಎಳ್ಕೊಂಡು ಆಚೆ ಹೋಗೋದು. ಸುತ್ತೇ ಮುರಿದುಹೋಯ್ತು.”

“ಗಂಡಸ್ರಿಗೊಂದು, ಹೆಂಗಸ್ರಿಗೊಂದು ಸುತ್ತು ಮಾಡು. ಮುಗೀತಲ್ಲ.”

“ಆಮೇಲೆ ಮನೆಮಂದಿ ಒಟ್ಟಿಗೆ ಆಡಿದಂಗೆ ಹೆಂಗಾಗುತ್ತೆ? ಎಲ್ಲ ಓದಿರೋರೇ, ಆಫೀಸಿಗೆ ಹೋಗೋರೇ. ಬುದ್ಧಿ ಮಾತ್ರ ಅಜ್ಜಿ ಕಾಲದಲ್ಲೇ ಐತೆ!”

“ಬೈಬೇಡ ಬಿಡು. ನಮ್ಮಪ್ಪ ಆದ್ರೂ ಖುಷಿಯಾಗಿ ಆಡಿದ್ರು. ನಿನ್ನ ಎದುರಿಗೂ ಬಂದ್ರಲ್ಲ, ಅಷ್ಟೊತ್ತಿಗೆ ನಿನ್ನ ಕೋಲು ಜಾರಿ ಬಿತ್ತು.”

ಹೆಂಡತಿ ಕೋಲುಗಳನ್ನು ಚೀಲದೊಳಕ್ಕೆ ತಳ್ಳುವ ಸದ್ದಾಯಿತು. ದ್ಯಾವಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಜಾರಿ ಬೀಳಲಿಲ್ಲ ರೀ. ನಾನೇ ಬಿಟ್ಟೆ.”

“ಏನು?”

“ಅವರ ಕೋಲಿಗೆ ತಾಕ್ಸೋಕೆ ಕೈ ಬರಲಿಲ್ಲ. ಬಗ್ಗಿ ಸುಮ್ನೆ ಹುಡುಕ್ತಾ ಇದ್ದೆ. ತಲೆ ಎತ್ತಿದಾಗಲೂ ಮಾವ ಕೋಲು ಎತ್ತಿ ಹಿಡ್ಕೊಂಡೇ ನಿಂತಿದ್ರು.”

ಬಾಣಾವರದ ಬಸ್ಸು ಬಂತು. ಗಂಡ ಚೀಲ ಎತ್ತಿಕೊಂಡು ಹೊರಟ, ಅವಳು ಹಿಂದೆ ನಡೆದಳು. ಅವರು ಬಸ್ಸು ಹತ್ತುವ ತನಕವೂ ಚೀಲದೊಳಗೆ ಕೋಲುಗಳು ಒಂದಕ್ಕೊಂದು ತಾಕುವ ಸದ್ದು ದ್ಯಾವಮ್ಮನಿಗೆ ಕೇಳುತ್ತಲೇ ಇತ್ತು.