ತೊಟ್ಟಿಕ್ಕದ ನಲ್ಲಿ

ಕಣ್ಣಿನ ಡಾಕ್ಟರ ಬಾಗಿಲಲ್ಲಿ ಎರಡು ಗಂಟೆಯಿಂದ ಕೂತು ಟೈಲರಮ್ಮನ ಸೊಂಟ ಬಿದ್ದುಹೋಗಿತ್ತು. ಎದುರು ಬೆಂಚಿನಲ್ಲಿ ರಿಟೈರಾದ ಸ್ಕೂಲ್ ಮೇಡಂ ಒಬ್ಬರು, ಪಕ್ಕದಲ್ಲಿ ಗ್ರೀಸು ಮೆತ್ತಿದ ಅಂಗಿಯ ಅವರ ಮೆಕ್ಯಾನಿಕ್ ತಮ್ಮ. ಬೇಡವೆಂದರೂ ಅವರ ಜಗಳ ಇವಳ ಕಿವಿಗೆ ಬೀಳುತ್ತಿತ್ತು.

“ಒಂಬತ್ತು ದಿನ ಆಯ್ತು ಕಣೋ. ನಿನ್ನ ಗ್ಯಾರೇಜಿನ ತೊಲೆ ಕೆಳಗೆ ಗೂಡು ಅರ್ಧಕ್ಕೇ ನಿಂತಿದೆ. ಒಂದು ಕವಲುತೋಕೆ ಹಕ್ಕಿನೂ ನನ್ನ ಕಣ್ಣಿಗೆ ಬೀಳ್ತಿಲ್ಲ.”

“ಹಕ್ಕಿ ಬರದೇ ಇದ್ರೆ ಕಣ್ಣೇನು ಮಾಡತ್ತೆ ಅಕ್ಕಾ? ಕೆಲಸ ಕೆಡಿಸಿ ನನ್ನನ್ನೂ ಇಲ್ಲಿ ಕೂರಿಸಿದ್ದೀಯ.”

“ಅರ್ಧ ಕಟ್ಟಿದ್ದನ್ನ ಅವು ಸುಮ್ಸುಮ್ನೆ ಬಿಡಲ್ಲ. ಗಂಟೆಗೆ ಇಪ್ಪತ್ತು ಸಲ ಕೊಕ್ಕಲ್ಲಿ ಮಣ್ಣುಂಡೆ ತರ್ತಿದ್ವು, ಬರೆದಿಟ್ಟಿದ್ದೀನಿ. ನನ್ನ ಕಣ್ಣೇ ಹೋಗಿರ್ಬೇಕು.”

“ಮಣ್ಣು ಎಲ್ಲಿಂದ ತರ್ತಿದ್ವು?”

“ನಿನ್ನ ಹಿತ್ತಲ ನಲ್ಲಿ ಕೆಳಗಿನ ಕೆಸರಿಂದ. ಯಾವಾಗ್ಲೂ ತೊಟ್ಟಿಕ್ಕುತ್ತಲ್ಲ, ಅದು.”

ತಮ್ಮ ತಲೆ ಕೆರೆದುಕೊಂಡ.

“ಅಕ್ಕಾ, ಅದೀಗ ತೊಟ್ಟಿಕ್ಕಲ್ಲ. ಹತ್ತು ದಿನದ ಹಿಂದೆ ಹೊಸ ವಾಷರ್ ಹಾಕಿದೆ.”

“ಯಾವನೋ ನಿನಗೆ ಹಾಕು ಅಂದಿದ್ದು?”

“ನೀನೇ! ನೀರು ಪೋಲಾಗುತ್ತೆ, ನೀರು ಪೋಲಾಗುತ್ತೆ ಅಂತ ಮೂರು ವರ್ಷದಿಂದ ತಲೆ ತಿಂದಿದ್ದು ಯಾರು ಮತ್ತೆ? ನಿನ್ನ ಕಾಟ ತಡೀಲಾರ್ದೆ ಹಾಕಿದೆ.”

ಅಷ್ಟರಲ್ಲಿ ನರ್ಸು ಮೇಡಂ ಅವರ ನಂಬರು ಕೂಗಿದಳು. ಮೇಡಂ ಆ ನಂಬರಿನ ಚೀಟಿಯನ್ನು ಟೈಲರಮ್ಮನ ಕೈಗೆ ತುರುಕಿ, ತಮ್ಮನ ರಟ್ಟೆ ಹಿಡಿದು ಹೊರಬಾಗಿಲ ಕಡೆ ನಡೆದರು.

“ಹುಟ್ಟಿದಾಗಿಂದ ನನ್ನ ಒಂದು ಮಾತೂ ಕೇಳದೋನು, ಇದೊಂದನ್ನೇ ಕೇಳ್ಬೇಕಿತ್ತಾ? ನಡಿ, ಬಿಚ್ಚು ಆ ವಾಷರ್ನ!”